ಹೃದಯ ಸೋತವರ ಆರೈಕೆ: ಮನೆಯವರು ಕಲಿತುಕೊಳ್ಳಬೇಕಾದ ಕೆಲಸಗಳು

ನಮ್ಮ ಮಾವ ಅಡಿಕೆ ತೂಗುವಾಗ ಅರ್ಧ ಕೆಜಿ ಹೆಚ್ಚುಕಮ್ಮಿ ಬಂದರೂ ಜಗಳಕ್ಕೆ ನಿಲ್ಲುವವರು. ಅಂಥವರು ತಮ್ಮ ಮೈಯಲ್ಲೇ ನಾಲ್ಕು ಕೆಜಿ ಏರಿದ್ದನ್ನು ಗಮನಿಸಿರಲಿಲ್ಲ. ನಾನೂ ಗಮನಿಸಿರಲಿಲ್ಲ. ಹಾರ್ಟ್ ವಾರ್ಡಿನಲ್ಲಿ 19 ವರ್ಷ ಸಿಸ್ಟರ್ ಆಗಿದ್ದವಳ ಮನೆಯಲ್ಲಿ ಒಂದು ತೂಕದ ಮೆಷಿನ್ ಇರಲಿಲ್ಲ! ಆಸ್ಪತ್ರೆಯಿಂದ ಬಂದ ಹದಿನೆಂಟನೇ ದಿನ, ಆಷಾಢದ ಮಳೆಯಲ್ಲಿ, ರಾತ್ರಿ ಎರಡು ಗಂಟೆಗೆ ಮಾವ ಕಿಟಕಿಯ ಸರಳು ಹಿಡಿದು ನಿಂತು ಉಸಿರಿಗೆ ಒದ್ದಾಡುತ್ತಿದ್ದರು. ಮತ್ತೆ ಆಂಬುಲೆನ್ಸ್, ಮತ್ತೆ ಐದು ದಿನ ಆಸ್ಪತ್ರೆ.

ಆ ನಾಲ್ಕು ಕೆಜಿ ಕೊಬ್ಬಲ್ಲ, ನೀರು. ಅದು ಎಲ್ಲಿಂದ ಬಂತು ಅಂತ ಆಮೇಲೆ ಕೂತು ಲೆಕ್ಕ ಹಾಕಿದೆವು. ಅತ್ತೆ ಹಾಕಿದ ಮಿಡಿ ಉಪ್ಪಿನಕಾಯಿ, ದಿನಕ್ಕೆ ಎರಡು ಲೋಟ ಅಪ್ಪೆಹುಳಿ (ಮಾವಿನಕಾಯಿಯ ತೆಳ್ಳನೆ ಸಾರು), ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಾತ್ರೆ. ಮೂರೂ ಸೇರಿ ಈ ಕೆಲಸ ಮಾಡಿದ್ದವು. ಮೂರೂ ನನ್ನ ಕಣ್ಣೆದುರೇ ನಡೆದಿದ್ದವು.

ಹೃದಯದ ಕಾಯಿಲೆಗಳಲ್ಲಿ ಬಹಳ ಬಗೆ ಇವೆ. ಇಲ್ಲಿ ನಾನು ಹೇಳುತ್ತಿರುವುದು ಮುಖ್ಯವಾಗಿ ಹಾರ್ಟ್ ಫೇಲ್ಯೂರ್ ಆದವರ ಆರೈಕೆ. ಸ್ಟೆಂಟ್ (ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿಕೊಂಡವರಿಗೂ ಹೃದಯದ ವಾಲ್ವ್ ಬದಲಿಸಿಕೊಂಡವರಿಗೂ ಬೇಕಾದ ಮಾತು ನಡುವೆ ಬರುತ್ತದೆ. ನಿಮ್ಮ ಡಾಕ್ಟರು ಬೇರೆ ಅಳತೆ ಹೇಳಿದ್ದರೆ ಅವರದ್ದೇ ನಡೆಯಲಿ.

ಹೆಸರಿಗೆ ಹೆದರಬೇಡಿ

ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ನಿಂತುಹೋಯಿತು ಅಂತಲ್ಲ. ಅದರ ಕಸುವು ಕಮ್ಮಿಯಾಗಿದೆ ಅಂತ. ತೋಟದ ಪಂಪ್ ಸೋತರೆ ಮೇಲಿನ ಗದ್ದೆಗೆ ನೀರು ಏರುವುದಿಲ್ಲ, ಕೆಳಗಿನ ಕಾಲುವೆ ತುಂಬಿ ನಿಲ್ಲುತ್ತದೆ. ಹಾಗೇ ಇಲ್ಲೂ. ಮೈಗೆ ರಕ್ತ ಸಾಲದೆ ಸುಸ್ತು. ಹಿಂದೆ ಉಳಿದ ನೀರು ಪುಪ್ಪುಸ, ಕಾಲು, ಹೊಟ್ಟೆಯಲ್ಲಿ ತುಂಬಿ ದಮ್ಮು, ಊತ.

ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟು ನೋಡಿ 'ಪಂಪಿಂಗ್ ಬರೀ 35 ಪರ್ಸೆಂಟ್ ಅಂತೆ' ಎಂದು ಅಳುವವರನ್ನು ಬಹಳ ನೋಡಿದ್ದೇನೆ. ಅವರ ಲೆಕ್ಕದಲ್ಲಿ ಸರಿಯಿರುವ ಹೃದಯದ್ದು ನೂರು. ಅದು ತಪ್ಪು. ಗಟ್ಟಿಮುಟ್ಟಾದ ಹೃದಯವೂ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಸುಮಾರು 55ರಿಂದ 70 ಪರ್ಸೆಂಟ್ ಮಾತ್ರ ಹೊರಗೆ ತಳ್ಳುತ್ತದೆ. 35 ಕಮ್ಮಿಯೇ, ನಿಜ. ಆದರೆ ಅದು ನೂರರಲ್ಲಿ ಮೂವತ್ತೈದು ಅಂಕ ತೆಗೆದಂತಲ್ಲ. ಮಾತ್ರೆ ಸರಿಯಾಗಿ ನುಂಗಿದ ಎಷ್ಟೋ ಜನರಲ್ಲಿ ಈ ಅಂಕಿ ಕೆಲವು ತಿಂಗಳಲ್ಲಿ ಮೇಲೆ ಬರುತ್ತದೆ. ಇನ್ನು ಕೆಲವರಿಗೆ, ಅದರಲ್ಲೂ ಬಿಪಿ, ಶುಗರ್ ಇರುವ ವಯಸ್ಸಾದ ಹೆಂಗಸರಿಗೆ, ಪಂಪಿಂಗ್ ಅಂಕಿ ಸರಿಯಿದ್ದರೂ ಹೃದಯ ಬಿಗಿಯಾಗಿ ಇದೇ ತೊಂದರೆ ಬರುತ್ತದೆ. ಆರೈಕೆ ಹೆಚ್ಚುಕಮ್ಮಿ ಒಂದೇ.

ಡಿಸ್ಚಾರ್ಜ್ ದಿನ ಕೇಳಿ ಬರೆದುಕೊಳ್ಳಿ

ಬಿಲ್ ಕಟ್ಟುವ, ಕಾರು ಕರೆಸುವ ಗಡಿಬಿಡಿಯಲ್ಲಿ ಈ ಪ್ರಶ್ನೆಗಳು ಬಿಟ್ಟೇ ಹೋಗುತ್ತವೆ. ಇವತ್ತಿನ ತೂಕ ಎಷ್ಟು? ಮೈಯಲ್ಲಿನ ಹೆಚ್ಚಿನ ನೀರೆಲ್ಲ ಹೋದ ಮೇಲಿನ ತೂಕ ಇದೇನಾ? ದಿನಕ್ಕೆ ಎಷ್ಟು ನೀರು? ತೂಕ ಏರಿದರೆ ಯಾರಿಗೆ ಫೋನ್ ಮಾಡಬೇಕು, ನೀರಿನ ಮಾತ್ರೆ (ಮೈಯ ನೀರನ್ನು ಮೂತ್ರದಲ್ಲಿ ಹೊರಹಾಕುವುದು) ಒಂದು ಹೆಚ್ಚು ಕೊಡಬಹುದೇ? ಬಿಪಿ ಎಷ್ಟಕ್ಕಿಂತ ಇಳಿದರೆ ಮಾತ್ರೆ ಕೊಡುವ ಮೊದಲು ಕೇಳಬೇಕು? ರಕ್ತಪರೀಕ್ಷೆ ಯಾವಾಗ? ಡಾಕ್ಟರು ಸಿಗದಿದ್ದರೆ ವಾರ್ಡ್ ಸಿಸ್ಟರ್ ಹತ್ತಿರ ಕೇಳಿ. ಕೇಳಿದರೆ ಹೇಳುತ್ತೇವೆ. ಕೇಳುವವರೇ ಕಮ್ಮಿ.

ಮನೆಗೆ ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಅಂಕಿ ತೋರಿಸುವ ತೂಕದ ಮೆಷಿನ್, ತೋಳಿಗೆ ಪಟ್ಟಿ ಕಟ್ಟುವ ಬಿಪಿ ಮೆಷಿನ್ (ಮಣಿಕಟ್ಟಿನದ್ದು ಬೇಡ), ಒಂದು ಲೀಟರ್ ಬಾಟಲಿ, ವಾರದ ಮಾತ್ರೆ ಡಬ್ಬಿ, ಒಂದು ನೋಟ್‌ಬುಕ್, ದಾರ ಕಟ್ಟಿದ ಪೆನ್ನು. ದಾರ ಕಟ್ಟದಿದ್ದರೆ ಪೆನ್ನು ಮೂರನೇ ದಿನಕ್ಕೆ ಕಾಣೆ.

ಹೆಜ್ಜೆ 1: ಬೆಳಿಗ್ಗೆ ಎದ್ದ ಕೂಡಲೇ ತೂಕ

ಒಂದೇ ಒಂದು ಕೆಲಸ ಮಾಡುತ್ತೇನೆ, ಉಳಿದದ್ದು ಆಗಲ್ಲ ಅಂದರೆ ಇದನ್ನು ಮಾಡಿ. ಕಾಲು ಊದಿ ಕಣ್ಣಿಗೆ ಕಾಣುವ ಹೊತ್ತಿಗೆ ಮೈಯಲ್ಲಿ ಕೆಲವು ಲೀಟರ್ ನೀರು ಸೇರಿಬಿಟ್ಟಿರುತ್ತದೆ. ಮೆಷಿನ್ ಅದನ್ನು ಎಷ್ಟೋ ದಿನ ಮುಂಚೆಯೇ ಹೇಳುತ್ತದೆ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ, ಲೆಕ್ಕ ಅಷ್ಟೇ.

ಎದ್ದು ಮೂತ್ರಕ್ಕೆ ಹೋಗಿ ಬರಲಿ. ಕಾಫಿಗೂ ಮುಂಚೆ, ಚಪ್ಪಲಿ ಇಲ್ಲದೆ, ದಿನಾ ಒಂದೇ ತರಹದ ಬಟ್ಟೆಯಲ್ಲಿ ಮೆಷಿನ್ ಮೇಲೆ ನಿಲ್ಲಲಿ. ಮೆಷಿನ್ ಗಟ್ಟಿ ನೆಲದ ಮೇಲಿರಬೇಕು. ಚಾಪೆ, ಕಾರ್ಪೆಟ್ ಮೇಲಿಟ್ಟರೆ ಸುಳ್ಳು ಹೇಳುತ್ತದೆ. ನಿಲ್ಲಲು ತೂರಾಡುವವರಾದರೆ ಪಕ್ಕದಲ್ಲಿ ನೀವಿರಿ, ಆದರೆ ತೂಕ ಓದುವ ಹೊತ್ತಿಗೆ ಅವರು ಏನನ್ನೂ ಹಿಡಿದಿರಬಾರದು. ಬಂದ ಅಂಕಿಯನ್ನು ಆಗಲೇ ಬರೆಯಿರಿ. 'ಆಮೇಲೆ ಬರೀತೀನಿ' ಅಂದದ್ದು ಯಾವತ್ತೂ ಬರೆದದ್ದಿಲ್ಲ.

ಒಂದು ದಿನದಲ್ಲಿ ಒಂದು ಕೆಜಿಗಿಂತ ಜಾಸ್ತಿ, ಅಥವಾ ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ಊಟದ ತೂಕ ಅಲ್ಲ. ಆವತ್ತೇ ಫೋನ್ ಮಾಡಿ. 'ದಮ್ಮು ಇಲ್ಲವಲ್ಲ, ಸೋಮವಾರ ನೋಡೋಣ' ಅಂತ ಕಾಯಬೇಡಿ. ಹಾಗೆ ಕಾದವರೇ ಭಾನುವಾರ ರಾತ್ರಿ ವಾರ್ಡಿಗೆ ಬರುತ್ತಿದ್ದರು. ಉಲ್ಟಾ ಆದರೂ ಹೇಳಿ. ತೂಕ ಎರಡು ಕೆಜಿ ಇಳಿದು, ಎದ್ದರೆ ತಲೆಸುತ್ತು, ಬಾಯಿ ಒಣಗಿದರೆ ನೀರಿನ ಮಾತ್ರೆ ಜಾಸ್ತಿಯಾಗಿರಬಹುದು.

ತಿಂಗಳುಗಟ್ಟಲೆ ಕಾಯಿಲೆಯಲ್ಲಿ ಮಾಂಸಖಂಡ ಸೊರಗುತ್ತದೆ, ಅದರ ಜಾಗದಲ್ಲಿ ನೀರು ಕೂರುತ್ತದೆ. ಆಗ ಮೆಷಿನ್ ಹಳೇ ಅಂಕಿಯನ್ನೇ ತೋರಿಸಿ ಮೋಸ ಮಾಡುತ್ತದೆ. ಅದಕ್ಕೇ ಎರಡನೇ ಹೆಜ್ಜೆ.

ಹೆಜ್ಜೆ 2: ಕಾಲು ಒತ್ತಿ, ದಿಂಬು ಎಣಿಸಿ

ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಐದು ಸೆಕೆಂಡ್ ಒತ್ತಿ ಬಿಡಿ. ಗುಳಿ ಬಿದ್ದು ನಿಂತರೆ ಅಲ್ಲಿ ನೀರಿದೆ. ದಿನವಿಡೀ ಮಲಗಿರುವವರಲ್ಲಿ ಕಾಲು ನೋಡಿದರೆ ಸಾಲದು, ನೀರು ತಗ್ಗಿಗೆ ಹರಿಯುತ್ತದಲ್ವಾ? ಸೊಂಟದ ಕೆಳಗೆ, ಬೆನ್ನಿನ ಬುಡದಲ್ಲಿ ಒತ್ತಿ ನೋಡಿ. ಪಂಚೆಯ ಗಂಟು ಬಿಗಿಯಾಯಿತು, ಉಂಗುರ ತೆಗೆಯಲು ಆಗುತ್ತಿಲ್ಲ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತು ಅಂದರೂ ಕಿವಿಗೊಡಿ.

ಆಮೇಲೆ ದಿಂಬು. ನಿನ್ನೆ ಒಂದು ದಿಂಬಿನಲ್ಲಿ ಮಲಗಿದವರು ಇವತ್ತು ಎರಡು ಕೇಳಿದರೆ ಬರೆದಿಡಿ. ಮೂರು ಕೇಳಿದರೆ, ಇಲ್ಲವೇ ಕುರ್ಚಿಯಲ್ಲೇ ಕೂತು ನಿದ್ದೆ ಮಾಡಿದರೆ ಫೋನ್ ಮಾಡಿ. ಮಲಗಿದ ಕೂಡಲೇ ಶುರುವಾಗುವ ಕೆಮ್ಮೂ ಇದೇ ಜಾತಿ. ಅದಕ್ಕೆ ಕೆಮ್ಮಿನ ಸಿರಪ್ ಕುಡಿಸಿ ವಾರಗಟ್ಟಲೆ ಕಳೆದವರಿದ್ದಾರೆ.

ಹೆಜ್ಜೆ 3: ಉಪ್ಪು

ಇಲ್ಲೇ ಮನೆಯಲ್ಲಿ ಯುದ್ಧ ಆಗುವುದು. 'ಉಪ್ಪಿಲ್ಲದ ಊಟ ಊಟನೇನೇ? ಇಷ್ಟು ವರ್ಷ ತಿಂದು ಏನೂ ಆಗಿಲ್ಲ' ಎಂದು ಮಾವ ತಟ್ಟೆ ಸರಿಸಿದ ದಿನಗಳು ನೆನಪಿವೆ. ಅತ್ತೆಗೆ ಮರುಕ ಬಂದು ಬಾಳೆ ಎಲೆಯ ತುದಿಗೆ ಸುಮ್ನೆ ಒಂದು ಮಿಡಿ ಇಟ್ಟುಬಿಡುತ್ತಿದ್ದರು.

ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಷ್ಟು ನೀರಿನ ಮಾತ್ರೆ ಕೊಟ್ಟರೂ ಉಪ್ಪು ಒಳಗೆ ಹೋಗುತ್ತಿದ್ದರೆ ಮಾತ್ರೆ ಸೋಲುತ್ತದೆ. ಆರೋಗ್ಯವಾಗಿರುವವರಿಗೇ ದಿನಕ್ಕೆ 5 ಗ್ರಾಂ ಒಳಗೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 5 ಗ್ರಾಂ ಅಂದರೆ ಮಟ್ಟಸವಾಗಿ ತುಂಬಿದ ಒಂದು ಟೀ ಚಮಚ, ಎಲ್ಲಾ ಸೇರಿ.

ನಮ್ಮ ಮನೆಯಲ್ಲಿ ನಡೆದ ಉಪಾಯ ಇದು. ಮಾವನಿಗೆಂದೇ ಒಂದು ಸಣ್ಣ ಡಬ್ಬಿ. ಬೆಳಿಗ್ಗೆ ಅದಕ್ಕೆ ಅರ್ಧ ಚಮಚ ಉಪ್ಪು. ಅವರ ಪಾಲಿನ ಪಲ್ಯ, ಸಾರು ಉಪ್ಪು ಹಾಕುವ ಮೊದಲೇ ತೆಗೆದಿಟ್ಟು, ಊಟದ ಹೊತ್ತಿಗೆ ಆ ಡಬ್ಬಿಯಿಂದ ಅವರೇ ಹಾಕಿಕೊಳ್ಳುವುದು. ಡಬ್ಬಿ ಖಾಲಿಯಾದರೆ ಆವತ್ತಿನ ಕೋಟಾ ಮುಗೀತು. ಉಳಿದ ಅರ್ಧ ಚಮಚ ಹಾಲು, ಬ್ರೆಡ್ಡು, ದೋಸೆ ಅಂತ ಕಾಣದೆ ಹೋಗಿಯೇ ಹೋಗುತ್ತದೆ. ಬೆಂದ ಅಡುಗೆಯೊಳಗೆ ಸೇರಿದ ಉಪ್ಪಿಗಿಂತ ಮೇಲೆ ಉದುರಿಸಿದ ಉಪ್ಪು ನಾಲಿಗೆಗೆ ಬೇಗ ಸಿಗುತ್ತದೆ, ಹಾಗಾಗಿ ಕಮ್ಮಿ ಸಾಕಾಗುತ್ತದೆ. ಮೊದಲ ಎರಡು ವಾರ ಬೈಗುಳ ತಿನ್ನಬೇಕು. ಆಮೇಲೆ ನಾಲಿಗೆ ಹೊಂದಿಕೊಳ್ಳುತ್ತದೆ. ಈಗ ಮಾವನೇ ನೆಂಟರ ಮನೆಯಲ್ಲಿ 'ಸಾರು ಉಪ್ಪುಪ್ಪು' ಅನ್ನುತ್ತಾರೆ.

ಪೂರ್ತಿ ಬಿಡಬೇಕಾದದ್ದು ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು, ಒಣಮೀನು, ಬೇಕರಿ ಖಾರ, ಚಿಪ್ಸ್, ಇನ್‌ಸ್ಟಂಟ್ ನೂಡಲ್ಸ್, ಪ್ಯಾಕೆಟ್ ಸೂಪು. ಯಾರೂ ಹೇಳದ ಒಂದು ಜಾಗ ಇದೆ: ಸೋಡ. ಅಡುಗೆ ಸೋಡ ಹಾಕಿದ ಇಡ್ಲಿ, ಬಜ್ಜಿ, ಹೊಟ್ಟೆ ಉಬ್ಬರಕ್ಕೆ ಕುಡಿಯುವ ನೊರೆ ಬರುವ ಪುಡಿ, ನೀರಿನಲ್ಲಿ ಬುಸ್ ಅಂತ ಕರಗುವ ಮಾತ್ರೆ, ಇವೆಲ್ಲದರಲ್ಲೂ ಸೋಡಿಯಂ ತುಂಬಿರುತ್ತದೆ. ಸೈಂಧವ ಲವಣ, ಕಲ್ಲುಪ್ಪು 'ಒಳ್ಳೇದು' ಅಂತ ಧಾರಾಳವಾಗಿ ಹಾಕುವವರಿಗೂ ಒಂದು ಮಾತು: ಹೃದಯದ ಲೆಕ್ಕದಲ್ಲಿ ಅವೂ ಉಪ್ಪೇ.

ಅಂಗಡಿಯಲ್ಲಿ ಸಿಗುವ ಕಮ್ಮಿ ಸೋಡಿಯಂ ಉಪ್ಪು ಇನ್ನೂ ಅಪಾಯ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಹೃದಯಕ್ಕೆ ಕೊಡುವ ಕೆಲವು ಮಾತ್ರೆಗಳು ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತವೆ. ಎರಡೂ ಸೇರಿದರೆ ಬಡಿತವೇ ಏರುಪೇರಾಗಬಹುದು. ಎಳನೀರಿನಲ್ಲೂ ಪೊಟ್ಯಾಸಿಯಂ ಜಾಸ್ತಿ. ರೋಗಿ ನೋಡಲು ಬಂದವರೆಲ್ಲ ಎಳನೀರೇ ತರುತ್ತಾರೆ. ಕಿಡ್ನಿಯೂ ಸೋತಿದ್ದರೆ ಅದನ್ನು ಬಂದವರಿಗೇ ಕುಡಿಸಿ ಕಳಿಸಿ.

ರುಚಿಗೆ ಲಿಂಬೆ, ವಾಟೆಹುಳಿ, ಶುಂಠಿ, ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ ಒಗ್ಗರಣೆ ಇದ್ದೇ ಇದೆ. ಹುಳಿ ಸ್ವಲ್ಪ ಮುಂದಿದ್ದರೆ ಉಪ್ಪಿನ ಕೊರತೆ ಅಷ್ಟು ಗೊತ್ತಾಗುವುದಿಲ್ಲ.

ಹೆಜ್ಜೆ 4: ನೀರಿನ ಲೆಕ್ಕ

ಇದು ಎಲ್ಲರಿಗೂ ಇಲ್ಲ. ಡಾಕ್ಟರು ಹೇಳಿದ್ದರೆ ಮಾತ್ರ, ಸಾಮಾನ್ಯವಾಗಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್. ಬೆಳಿಗ್ಗೆ ಬಾಟಲಿಯಲ್ಲಿ ಅಳೆದಿಡಿ. ಕಾಫಿ, ಮಜ್ಜಿಗೆ, ತಂಬುಳಿ, ಗಂಜಿ, ಕಷಾಯ ಯಾವುದು ಕುಡಿದರೂ ಅಷ್ಟೇ ನೀರನ್ನು ಬಾಟಲಿಯಿಂದ ಹೊರಗೆ ಚೆಲ್ಲಿ. ಉಳಿದದ್ದು ಕುಡಿಯುವ ನೀರು. ಲೋಟ ಸಣ್ಣದಿರಲಿ. ಬಾಯಾರಿಕೆ ತಡೆಯದಿದ್ದರೆ ಬಾಯಿ ಮುಕ್ಕಳಿಸಿ ಉಗುಳಲಿ, ಲಿಂಬೆ ಹೋಳು ನಾಲಿಗೆಗೆ ಸವರಲಿ, ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಒಂದು ಪೆಪ್ಪರ್‌ಮಿಂಟ್ ಚೀಪಲಿ. ಬೇಸಿಗೆಯಲ್ಲಿ ಬೆವರು ಜಾಸ್ತಿ ಇರುವ ಕಡೆ ಅಳತೆ ಸ್ವಲ್ಪ ಬದಲಾಗಬಹುದು. ಕೇಳಿಯೇ ಬದಲಿಸಿ.

ಹೆಜ್ಜೆ 5: ಮಾತ್ರೆ

ಎಂಟು ಹತ್ತು ಮಾತ್ರೆ ನೋಡಿ ತಲೆ ತಿರುಗುವುದು ಸಹಜ. ಎಲ್ಲದರ ಹೆಸರು ಬಾಯಿಪಾಠ ಆಗಬೇಕಿಲ್ಲ, ಯಾವುದು ಏನು ಮಾಡುತ್ತದೆ ಅಂತ ಗೊತ್ತಿದ್ದರೆ ಸಾಕು.

ಫ್ಯುರೋಸಮೈಡ್, ಟಾರ್ಸಮೈಡ್ ನೀರು ಹೊರಹಾಕುವ ಮಾತ್ರೆಗಳು. ಬೆಳಿಗ್ಗೆ ಕೊಡಿ. ಎರಡನೇ ಡೋಸ್ ಇದ್ದರೆ ಮಧ್ಯಾಹ್ನ ಮೂರು ನಾಲ್ಕು ಗಂಟೆಯೊಳಗೆ. ಸಂಜೆ ಕೊಟ್ಟರೆ ರಾತ್ರಿಯಿಡೀ ಎದ್ದೆದ್ದು ಹೋಗಿ, ಕತ್ತಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಮದುವೆಗೆ, ಬಸ್ಸಿಗೆ ಹೋಗುವ ದಿನ ಈ ಮಾತ್ರೆಯನ್ನು ಗುಟ್ಟಾಗಿ ಬಿಡುವವರು ಬಹಳ. ಬಿಡುವುದು ಬೇಡ. ಹೊತ್ತು ಹಿಂದೆ ಮುಂದೆ ಮಾಡಬಹುದಾ ಅಂತ ಡಾಕ್ಟರನ್ನು ಕೇಳಿ.

ಮೆಟೊಪ್ರೊಲಾಲ್, ಕಾರ್ವೆಡಿಲಾಲ್, ಬೈಸೊಪ್ರೊಲಾಲ್ ಬಡಿತ ತಗ್ಗಿಸುವವು. ಮೊದಲ ವಾರಗಳಲ್ಲಿ ಸುಸ್ತು ಹೆಚ್ಚಾದಂತೆ ಅನಿಸುತ್ತದೆ. ಆದರೂ ತಟ್ಟನೆ ನಿಲ್ಲಿಸಬಾರದು. ಬಿಪಿ ಇಳಿಸಿ ಹೃದಯದ ಭಾರ ತಗ್ಗಿಸುವ ರಾಮಿಪ್ರಿಲ್, ಎನಾಲಪ್ರಿಲ್ ಕೆಲವರಿಗೆ ಒಣಕೆಮ್ಮು ತರುತ್ತವೆ. ಹೇಳಿದರೆ ಬೇರೆ ಕೊಡುತ್ತಾರೆ. ತುಟಿ, ಮುಖ ಊದಿದರೆ ಮಾತ್ರ ಕಾಯದೆ ಆಸ್ಪತ್ರೆಗೆ ಓಡಿ. ಸ್ಪೈರೊನೊಲ್ಯಾಕ್ಟೋನ್‌ನಿಂದ ಗಂಡಸರಿಗೆ ಎದೆ ಊದಿ ನೋಯಬಹುದು. ನಾಚಿಕೆಯಿಂದ ಯಾರೂ ಹೇಳುವುದಿಲ್ಲ, ಸುಮ್ನೆ ಮಾತ್ರೆ ಬಿಡುತ್ತಾರೆ. ನೀವೇ ಕೇಳಿ. ಡಾಪಾಗ್ಲಿಫ್ಲೋಜಿನ್ ಶುಗರ್ ಮಾತ್ರೆ ಎಂದು ಹೆಸರಾದದ್ದು, ಆದರೆ ಶುಗರ್ ಇಲ್ಲದವರಿಗೂ ಹೃದಯಕ್ಕೆಂದು ಕೊಡುತ್ತಾರೆ. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ತುರಿಕೆ, ಸೋಂಕು ಬರಬಹುದು. ಮೂತ್ರಕ್ಕೆ ಹೋದಾಗೆಲ್ಲ ತೊಳೆದು ಒಣಗಿಸಿಕೊಳ್ಳಬೇಕು. ಡಿಜಾಕ್ಸಿನ್ ಇದ್ದರೆ ಕೊಡುವ ಮೊದಲು ಒಂದು ಪೂರ್ತಿ ನಿಮಿಷ ನಾಡಿ ಎಣಿಸಿ. 60ಕ್ಕಿಂತ ಕಮ್ಮಿ ಇದ್ದರೆ, ವಾಂತಿ ಬಂದಂತಾದರೆ, ಕಣ್ಣಿಗೆ ಹಳದಿ ಹಳದಿ ಕಂಡರೆ, ಕೊಡದೆ ಫೋನ್ ಮಾಡಿ.

ವಾಂತಿ, ಭೇದಿ ಶುರುವಾದ ದಿನ ಮಾತ್ರ ಎಂದಿನಂತೆ ಎಲ್ಲಾ ಮಾತ್ರೆ ಕೊಡಬೇಡಿ. ಮೈ ಒಣಗಿರುವಾಗ ನೀರಿನ ಮಾತ್ರೆ, ಬಿಪಿ ಇಳಿಸುವ ಮಾತ್ರೆ ಕಿಡ್ನಿಗೆ ಹೊಡೆತ ಕೊಡುತ್ತವೆ. ಯಾವುದು ನಿಲ್ಲಿಸಬೇಕು, ಯಾವುದು ಬೇಡ ಅಂತ ಆವತ್ತೇ ಕೇಳಿಕೊಳ್ಳಿ.

ಸ್ಟೆಂಟ್ ಹಾಕಿದವರಿಗೆ ಆಸ್ಪಿರಿನ್ ಜೊತೆ ಕ್ಲೊಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್ ಇರುತ್ತದೆ. ಹಲ್ಲು ಕೀಳಿಸಲು ಹೋದಾಗ 'ರಕ್ತ ತೆಳು ಮಾಡೋ ಮಾತ್ರೆ ಐದು ದಿನ ನಿಲ್ಲಿಸಿ ಬನ್ನಿ' ಅಂದರೆ, ಹೃದಯದ ಡಾಕ್ಟರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ. ಹೊಸ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಅದೇ ಹಾರ್ಟ್ ಅಟ್ಯಾಕ್. ಲೋಹದ ವಾಲ್ವ್ ಇರುವವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿಟ್ರೋಮ್ ನುಂಗುತ್ತಾರೆ. ಅವರು ಐಎನ್‌ಆರ್ ಪರೀಕ್ಷೆ (ರಕ್ತ ಎಷ್ಟು ತೆಳುವಾಗಿದೆ ಅಂತ ನೋಡುವುದು) ತಪ್ಪಿಸಬಾರದು. ಅವರಿಗೆ ಸೊಪ್ಪು ನಿಷೇಧ ಅಂತ ಹೇಳುವವರಿದ್ದಾರೆ, ಹಾಗೇನಿಲ್ಲ. ವಾರಕ್ಕೆ ಎಷ್ಟು ತಿನ್ನುತ್ತಿದ್ದರೋ ಅಷ್ಟೇ ತಿನ್ನಲಿ. ಒಂದು ವಾರ ಬಿಟ್ಟು ಇನ್ನೊಂದು ವಾರ ದಿನಾ ತಿಂದರೆ ಲೆಕ್ಕ ತಪ್ಪುತ್ತದೆ.

ಇನ್ನು ನೋವಿನ ಮಾತ್ರೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸೆಕ್ಲೊಫೆನಾಕ್ ಈ ಗುಂಪಿನವು ಉಪ್ಪು, ನೀರು ಎರಡನ್ನೂ ಮೈಯಲ್ಲಿ ಹಿಡಿದಿಡುತ್ತವೆ, ಕಿಡ್ನಿಯನ್ನೂ ಕೆಡಿಸುತ್ತವೆ. ಮಾವ ಒಂದು ವಾರ ನುಂಗಿದ್ದು ಇದನ್ನೇ. ಮಂಡಿನೋವು, ಸೊಂಟನೋವಿಗೆ ಅಂಗಡಿಯವನು ಕೊಟ್ಟರೆ ಹಾರ್ಟ್ ಪೇಷೆಂಟ್ ಅಂತ ಹೇಳಿ ವಾಪಸ್ ಕೊಡಿ. ಸಾದಾ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಪರವಾಗಿಲ್ಲ.

ಜನೌಷಧಿ ಕೇಂದ್ರದಲ್ಲಿ ಇವೇ ಮಾತ್ರೆ ಬಹಳ ಅಗ್ಗಕ್ಕೆ ಸಿಗುತ್ತವೆ. ತಿಂಗಳ ಖರ್ಚು ನೋಡಿ ಮಾತ್ರೆ ದಿನ ಬಿಟ್ಟು ದಿನ ಕೊಡುವುದಕ್ಕಿಂತ ಅಲ್ಲಿ ಕೊಳ್ಳುವುದು ಎಷ್ಟೋ ಮೇಲು. ಒಂದೇ ಎಚ್ಚರ: ಹಳೇ ಸ್ಟ್ರಿಪ್, ಹೊಸ ಸ್ಟ್ರಿಪ್ ಹೆಸರು ಬೇರೆ ಇದ್ದು ಒಳಗಿನ ಔಷಧಿ ಒಂದೇ ಆಗಿರಬಹುದು. ಎರಡನ್ನೂ ನುಂಗಿಸಿ ಬಿಪಿ ಇಳಿದು ಬಿದ್ದವರನ್ನು ನೋಡಿದ್ದೇನೆ. ಬ್ರ್ಯಾಂಡ್ ಹೆಸರಿನ ಜೊತೆ ಸಣ್ಣಕ್ಷರದಲ್ಲಿ ಬರೆದ ಹೆಸರನ್ನು ಹೋಲಿಸಿ.

ಹೆಜ್ಜೆ 6: ಬಿಪಿ, ನಾಡಿ

ಐದು ನಿಮಿಷ ಸುಮ್ಮನೆ ಕೂತ ಮೇಲೆ ನೋಡಿ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ, ಪಟ್ಟಿ ಅಂಗಿಯ ಮೇಲಲ್ಲ ಚರ್ಮದ ಮೇಲೆ. ಮಾತು ಬೇಡ. ದಿನಕ್ಕೆ ಹತ್ತು ಸಲ ನೋಡಿದರೆ ಕಾಯಿಲೆ ಇಳಿಯುವುದಿಲ್ಲ, ಗಾಬರಿ ಏರುತ್ತದೆ ಅಷ್ಟೇ. ಹಾರ್ಟ್ ಫೇಲ್ಯೂರ್‌ನವರಿಗೆ ಮೇಲಿನ ಬಿಪಿ 100ರ ಆಸುಪಾಸು ಇದ್ದು ಆರಾಮಾಗಿರುವುದು ಸಾಮಾನ್ಯ. ತಲೆಸುತ್ತು, ಕಣ್ಣು ಕತ್ತಲೆ ಇದ್ದರೆ ಮಾತ್ರ ಕೂಡಲೇ ತಿಳಿಸಿ. ರಕ್ತದ ಆಕ್ಸಿಜನ್ ನೋಡಲು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತಣ್ಣಗಿನ ಕೈ, ನೇಲ್ ಪಾಲಿಷ್ ಇದ್ದರೆ ತಪ್ಪು ತೋರಿಸುತ್ತದೆ.

ಹೆಜ್ಜೆ 7: ಸ್ನಾನ, ಪಾಯಿಖಾನೆ, ನಡಿಗೆ

ನಮ್ಮ ಕಡೆ ಹಂಡೆಯ ಸುಡು ಸುಡು ನೀರು ಸುರಿದುಕೊಳ್ಳದಿದ್ದರೆ ಸ್ನಾನ ಆದಂತೆಯೇ ಅಲ್ಲ. ಬಿಸಿ ಹೆಚ್ಚಾದರೆ ಮೈಯ ರಕ್ತನಾಳ ಅಗಲವಾಗಿ ಬಿಪಿ ದೊಪ್ಪನೆ ಇಳಿಯುತ್ತದೆ, ಬಚ್ಚಲಲ್ಲೇ ಬೀಳುತ್ತಾರೆ. ಉಗುರುಬೆಚ್ಚಗಿರಲಿ. ಸ್ಟೂಲ್ ಮೇಲೆ ಕೂತು ಮಾಡಲಿ. ಬಾಗಿಲಿಗೆ ಚಿಲಕ ಬೇಡ. ಊಟ ಆದ ಕೂಡಲೇ ಸ್ನಾನ, ನಡಿಗೆ ಎರಡೂ ಬೇಡ.

ಮಲವಿಸರ್ಜನೆಗೆ ತಿಣುಕುವುದು ಹೃದಯದ ಮೇಲೆ ದೊಡ್ಡ ಒತ್ತಡ. ಕುಕ್ಕರುಗಾಲಿನಿಂದ ಏಳುವುದೂ ಕಷ್ಟ. ಇರುವ ಪಾಯಿಖಾನೆ ಒಡೆಯಬೇಕಿಲ್ಲ, ಮೇಲೆ ಇಡುವ ಕಮೋಡ್ ಕುರ್ಚಿ ಸಾಕು. ಮಲಬದ್ಧತೆಗೆ ಇಸಬಗೋಲ್ ಕೊಡುವ ಮೊದಲು ಕೇಳಿ. ಅದಕ್ಕೆ ಜಾಸ್ತಿ ನೀರು ಬೇಕು, ಇವರಿಗೆ ನೀರಿನ ಲೆಕ್ಕ ಇದೆಯಲ್ಲ.

'ರೆಸ್ಟ್' ಅಂತ ಮೂಲೆಯಲ್ಲಿ ಕೂರಿಸಬೇಡಿ. ಮನೆಯ ಜಗುಲಿಯಲ್ಲಿ ಐದು ನಿಮಿಷದಿಂದ ಶುರು ಮಾಡಿ, ಕೆಲವು ದಿನಕ್ಕೊಮ್ಮೆ ಒಂದೆರಡು ನಿಮಿಷ ಸೇರಿಸಿ. ಅಳತೆ ಸುಲಭ: ನಡೆಯುತ್ತಾ ಮಾತಾಡಲು ಆಗಬೇಕು. ಮಾತು ತುಂಡಾದರೆ ನಿಲ್ಲಿ. ಬೈಪಾಸ್ ಆದವರಿಗೆ ಬೇರೆ ನಿಯಮ. ಎದೆಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು. ಅಲ್ಲಿವರೆಗೆ ಕೊಡಪಾನ ಎತ್ತುವುದು, ಕೈ ಊರಿ ಏಳುವುದು, ಬೈಕು ಬೇಡ. ಕೆಮ್ಮುವಾಗ ದಿಂಬು ಎದೆಗೆ ಅಪ್ಪಿಕೊಳ್ಳಲಿ.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಹಿಮ್ಮಡಿ, ಸೊಂಟದ ಬುಡ, ಬೆನ್ನಿನ ಮೂಳೆ ದಿನಾ ನೋಡಿ. ಕೆಂಪಗಾಗಿ, ಒತ್ತಿದರೂ ಬಿಳಿಚದಿದ್ದರೆ ಹಾಸಿಗೆ ಹುಣ್ಣು ಶುರುವಾಗುತ್ತಿದೆ ಅಂತ ಅರ್ಥ. ಊದಿದ ಚರ್ಮ ಬೇಗ ಒಡೆಯುತ್ತದೆ, ಎಳೆಯಬೇಡಿ, ಎತ್ತಿ ಸರಿಸಿ. ತಲೆಯ ಕಡೆ ಎತ್ತರ ಬೇಕು ಅಂತ ಆಸ್ಪತ್ರೆ ಮಂಚ ಕೊಳ್ಳಲಾಗದವರಿಗೆ ಹಳೇ ನರ್ಸ್‌ಗಳ ಒಂದು ಉಪಾಯವಿದೆ. ಮರದ ಕುರ್ಚಿಯನ್ನು ಮಂಚದ ತಲೆಭಾಗದಲ್ಲಿ ತಲೆಕೆಳಗಾಗಿ ಇಟ್ಟು ಕಟ್ಟಿ. ಅದರ ಬೆನ್ನಿನ ಇಳಿಜಾರಿನ ಮೇಲೆ ದಿಂಬು ಜೋಡಿಸಿದರೆ ಚೆಂದದ ಒರಗು ಆಗುತ್ತದೆ.

ರಾತ್ರಿ ದಮ್ಮು ಬಂದರೆ

ಮಲಗಿಸಬೇಡಿ. ಮನೆಯವರು ಗಾಬರಿಯಲ್ಲಿ ಮೊದಲು ಮಾಡುವ ತಪ್ಪೇ ಅದು. ಈ ಸಾಲಿನಲ್ಲಿ ಮಾಡಿ:

1. ಮಂಚದ ಅಂಚಿಗೆ ಕೂರಿಸಿ, ಕಾಲು ಕೆಳಗೆ ಇಳಿಬಿಡಿ. ಕಾಲಿನಲ್ಲಿ ರಕ್ತ ತಂಗಿ ಎದೆಯ ಭಾರ ಸ್ವಲ್ಪ ಇಳಿಯುತ್ತದೆ. ಮುಂದೆ ದಿಂಬಿಟ್ಟ ಕುರ್ಚಿಗೆ ಒರಗಲಿ.
2. 108ಕ್ಕೆ ಫೋನ್ ಮಾಡಿ. ಊರಿನ ಹೆಸರಿನ ಜೊತೆ ಗುರುತಿನ ಜಾಗ ಹೇಳಿ, ಒಬ್ಬರು ಟಾರ್ಚ್ ಹಿಡಿದು ರಸ್ತೆಗೆ ಹೋಗಿ ನಿಲ್ಲಲಿ.
3. ಕಿಟಕಿ ತೆಗೆಯಿರಿ. ಬಿಗಿ ಬಟ್ಟೆ ಸಡಿಲಿಸಿ. ಸುತ್ತ ನಿಂತವರನ್ನು ಹೊರಗೆ ಕಳಿಸಿ.
4. ನೀರು, ಕಷಾಯ, ಬೇರೆಯವರ ಇನ್‌ಹೇಲರ್ ಏನೂ ಬೇಡ. ಡಾಕ್ಟರು ಮೊದಲೇ ಬರೆದುಕೊಟ್ಟ ತುರ್ತು ಮಾತ್ರೆ ಇದ್ದರೆ ಅದು ಮಾತ್ರ.
5. ನೋಟ್‌ಬುಕ್, ಮಾತ್ರೆ ಡಬ್ಬಿ, ಎಕೋ ರಿಪೋರ್ಟು ಇರುವ ಚೀಲ ಕೈಗೆತ್ತಿಕೊಳ್ಳಿ.

ಗುಲಾಬಿ ಬಣ್ಣದ ನೊರೆ ಕಫ, ತುಟಿ ನೀಲಿ, ತಣ್ಣನೆ ಬೆವರು, ಮಾತಿನಲ್ಲಿ ಗೊಂದಲ ಇದ್ದರೆ ಒಂದು ನಿಮಿಷವೂ ತಡ ಬೇಡ.

ಎದೆನೋವಿನ ವಿಷಯ ಬೇರೆ. ಎದೆ ಮೇಲೆ ಕಲ್ಲಿಟ್ಟಂತೆ ಭಾರ, ಎಡಗೈಗೋ ದವಡೆಗೋ ಹರಿಯುವ ನೋವು, ಬೆವರು ಇದ್ದು 10 ನಿಮಿಷ ಕಳೆದರೂ ಹೋಗದಿದ್ದರೆ ಹಾರ್ಟ್ ಅಟ್ಯಾಕ್ ಅಂತಲೇ ತಿಳಿಯಿರಿ. ಶುಗರ್ ಇರುವವರಿಗೆ, ಹೆಂಗಸರಿಗೆ ನೋವೇ ಇಲ್ಲದೆ ಬರೀ ಸುಸ್ತು, ವಾಂತಿ, ದಮ್ಮು ಇರಬಹುದು. 'ಗ್ಯಾಸ್ ಇರಬೇಕು' ಅನ್ನುವ ಮಾತು ನಮ್ಮಲ್ಲಿ ಎಷ್ಟು ಜೀವ ತೆಗೆದಿದೆಯೋ. ಆಸ್ಪಿರಿನ್ ಅಲರ್ಜಿ, ರಕ್ತಸ್ರಾವ ಇಲ್ಲದಿದ್ದರೆ 300 ಮಿಲಿಗ್ರಾಂ ಆಸ್ಪಿರಿನ್ ಜಗಿದು ನುಂಗಿಸಬಹುದು, 108ರವರನ್ನು ಕೇಳಿಕೊಂಡು. ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆ ಡಾಕ್ಟರು ಮೊದಲೇ ಕೊಟ್ಟಿದ್ದರೆ ಮಾತ್ರ, ಅದೂ ಕೂರಿಸಿ ಕೊಡಿ, ನಿಂತಿದ್ದರೆ ಬೀಳುತ್ತಾರೆ. ಮೇಲಿನ ಬಿಪಿ 100ರ ಒಳಗಿದ್ದರೆ, ಅಥವಾ ಒಂದೆರಡು ದಿನದಲ್ಲಿ ಸಿಲ್ಡೆನಾಫಿಲ್ (ವಯಾಗ್ರಾ) ತರಹದ ಮಾತ್ರೆ ನುಂಗಿದ್ದರೆ ಕೊಡಲೇಬಾರದು.

ಹತ್ತಿರದಲ್ಲಿ ದೊಡ್ಡ ಆಸ್ಪತ್ರೆ ಇಲ್ಲ ಅಂತ ನೇರ ಬೆಂಗಳೂರಿಗೆ, ಮೈಸೂರಿಗೆ ಕಾರು ಹತ್ತಿಸುವುದು ಬೇಡ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ರಾಜ್ಯದ ಅನೇಕ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಗಳ ತಜ್ಞರ ಸಲಹೆ ಪಡೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲೂಕಿನಲ್ಲಿ ಇದೆಯಾ ಅಂತ ಆರಾಮಾಗಿರುವಾಗಲೇ ವಿಚಾರಿಸಿ. ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಲ್ಲದೆ ಮೈಸೂರು, ಕಲಬುರಗಿಯಲ್ಲೂ ಇದೆ.

ಉಸಿರೂ ಇಲ್ಲ, ಕರೆದರೆ ಓಗೊಡುವುದಿಲ್ಲ ಅಂದರೆ ಗಟ್ಟಿ ನೆಲದ ಮೇಲೆ ಮಲಗಿಸಿ ಎದೆಯ ನಡುವೆ ಎರಡೂ ಕೈಯಿಂದ ಒತ್ತಿ. 5 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ, ಆಂಬುಲೆನ್ಸ್ ಬರುವವರೆಗೆ, ಕೈ ಸೋತರೆ ಇನ್ನೊಬ್ಬರು.

ನೋಡಿಕೊಳ್ಳುವವರಿಗೆ

ಕಾಯಿಲೆಯವರಿಗೆ ಸಿಟ್ಟು, ಅಳು, ಯಾರಿಗೂ ಬೇಡವಾದೆ ಎಂಬ ಕೊರಗು ಬರುತ್ತದೆ. ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಅದಕ್ಕೂ ಔಷಧಿ ಇದೆ. ಸಣ್ಣ ಅಧಿಕಾರ ಕೈಯಲ್ಲಿದ್ದರೆ ಒಳ್ಳೆಯದು. ನಮ್ಮಲ್ಲಿ ತೂಕ ಬರೆಯುವುದು ಮಾವನ ಕೆಲಸ. ನೋಟ್‌ಬುಕ್ ಬೇಡ ಅಂತ ಅಡಿಕೆ ಲೆಕ್ಕದ ಪುಸ್ತಕದಲ್ಲೇ ಬರೆಯುತ್ತಾರೆ, ಡಾಕ್ಟರಿಗೂ ಅದನ್ನೇ ತೋರಿಸುತ್ತಾರೆ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ನ್ಯುಮೋನಿಯಾ ಲಸಿಕೆ ಡಾಕ್ಟರನ್ನು ಕೇಳಿ ಹಾಕಿಸಿ. ಒಂದು ಜ್ವರ ಸಾಕು, ತಿಂಗಳ ಆರೈಕೆ ನೀರಿಗೆ ಹೋಗಲು.

ಒಬ್ಬರೇ ಎಲ್ಲಾ ಹೊತ್ತುಕೊಳ್ಳಬೇಡಿ. ಹೆಚ್ಚಿನ ಮನೆಗಳಲ್ಲಿ ಅದು ಸೊಸೆಯೋ ಹೆಂಡತಿಯೋ ಆಗಿರುತ್ತಾಳೆ, ಅವಳ ಬಿಪಿ ಯಾರೂ ನೋಡಿರುವುದಿಲ್ಲ. ವಾರಕ್ಕೊಂದು ದಿನ ಬೇರೆಯವರ ಕೈಗೆ ಕೊಟ್ಟು ಹೊರಗೆ ಹೋಗಿ. ಹೋಗುವ ಮೊದಲು ಒಂದು ಚೀಟಿ ಬರೆದು ಫ್ರಿಜ್ ಮೇಲೆ ಅಂಟಿಸಿ. ನಮ್ಮ ಮನೆಯದು ಹೀಗಿದೆ: ತೂಕ 58. 60 ಆದರೆ ಫೋನ್. ನೀರು ಒಂದೂವರೆ ಬಾಟಲಿ. ಉಪ್ಪಿನ ಡಬ್ಬಿ ಹಸಿರು ಮುಚ್ಚಳದ್ದು, ಮತ್ತೆ ತುಂಬಬೇಡಿ. ನೋವಿನ ಮಾತ್ರೆ ಕೊಡಬೇಡಿ. ದಮ್ಮು ಬಂದರೆ ಕೂರಿಸಿ, 108. ಅದರ ಕೆಳಗೆ ಅತ್ತೆಯ ಕೈಬರಹದಲ್ಲಿ ಒಂದು ಸಾಲು ಸೇರಿದೆ: ಮಿಡಿ ಭರಣಿ ಅಟ್ಟದ ಮೇಲಿದೆ, ಕೇಳಿದರೆ ಗೊತ್ತಿಲ್ಲ ಅನ್ನಿ.